ಲಕೋಟೆಯಲ್ಲಿ ಬೀಜ ಬೇಡ

ಇಸ್ಪೀಟು ಎಲೆಯಷ್ಟೇ ಅಳತೆಯ, ಅಂದರೆ 64×89 ಮಿಲಿಮೀಟರಿನ ಚೀಟಿಯ ಮೇಲೆ ಕೈಯಾರೆ ಚಿತ್ರ ರಚಿಸಿ ವಿನಿಮಯ ಮಾಡಿಕೊಳ್ಳುವ ಪದ್ಧತಿಯನ್ನು 1997ರಲ್ಲಿ ಜ್ಯೂರಿಕ್ ನಗರದ ಕಲಾವಿದ ಸ್ಟಿರ್ನೆಮನ್ ಆರಂಭಿಸಿದರು. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಸಾಧಾರಣ ಲಕೋಟೆಯಲ್ಲಿ ಹಿಡಿಸುವ ಈ ಚೀಟಿಗಳನ್ನು ಬೆಳಗಾವಿಯ ವಿದ್ಯಾರ್ಥಿಯೂ ಖಾನಾಪುರದ ಕಾಡಂಚಿನ ಬಾಲಕಿಯೂ ಅಂಚೆಯ ಮೂಲಕ ಬದಲಾಯಿಸಿಕೊಳ್ಳಬಹುದು. ಸ್ವಾಗತಾರ್ಹವೇ.

ಆದರೆ ‘ಪರಿಸರಸ್ನೇಹಿ’ ಎಂಬ ಹೆಸರಿನಲ್ಲಿ ಬೀಜ ಹುದುಗಿಸಿದ ಕಾಗದವನ್ನೋ ಒಣಗಿದ ಹೂತೆನೆಯನ್ನೋ ಕಳುಹಿಸುವುದು ಒಪ್ಪತಕ್ಕದ್ದಲ್ಲ. ಪಾರ್ಥೇನಿಯಂ 1950ರ ದಶಕದಲ್ಲಿ ಆಮದು ಗೋಧಿಯೊಡನೆ ಬಂದು ಹರಡಿತೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಅದು ಅರಿಯದೆ ಬಂದದ್ದು. ಲಂಟಾನವನ್ನಾದರೋ ಅಂದಕ್ಕೆಂದೇ ತಂದರು! ಇಂದು ಅದು ಪಶ್ಚಿಮ ಘಟ್ಟದ ಕಾಡಂಚುಗಳನ್ನು ಆವರಿಸಿದೆ. ಹೊರದೇಶದಿಂದ ಬೀಜ, ಮಣ್ಣು ತರಿಸಲು 2003ರ ಸಸ್ಯ ಸಂಗರೋಧ ಆದೇಶದ ಕಟ್ಟುಪಾಡುಗಳಿವೆ. ಊರಿಂದೂರಿಗೆ ಹೋಗುವ ಲಕೋಟೆಯನ್ನು ತೆರೆದು ನೋಡುವವರು ಯಾರು? 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮದಲ್ಲಿ ಎಲೆ, ಹೂ ಕಿತ್ತು ಅಂಟಿಸುವುದಂತೂ ಕಾನೂನಿಗೇ ವಿರುದ್ಧ.

ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಒಡೆದ ಮಡಕೆಯ ಚೂರನ್ನು ನುಣ್ಣಗೆ ಅರೆದು ಗೋಂದು ಬೆರೆಸಿದರೆ ಕೆಂಪು ಬಣ್ಣ ಸಿದ್ಧ. ಒಲೆಯ ಮಸಿ ಕಪ್ಪಿಗಾಯಿತು, ಅರಿಸಿನ ಹಳದಿಗೆ. ಅರಿಸಿನ ಬಿಸಿಲಿಗೆ ಮಾಸುತ್ತದೆ, ಇರಲಿ. ಬೆಂಕಿಯಲ್ಲಿ ಬೆಂದ ಮಣ್ಣಿನಲ್ಲಿ ಮೊಳೆಯುವಂಥದ್ದು ಏನೂ ಉಳಿದಿರುವುದಿಲ್ಲ.