ಒಂದು ಸುಳ್ಳಿಗೆ ಮಾತ್ರ ಒಪ್ಪಿಗೆ

ಕಳೆದ ಸೆಮಿಸ್ಟರಿನ ಕಾವ್ಯಮೀಮಾಂಸೆಯ ತರಗತಿಯಲ್ಲಿ ಕೋಲ್‌ರಿಜ್ ಹೇಳಿದ ‘ಅಪನಂಬಿಕೆಯನ್ನು ತಾನಾಗಿ ಬದಿಗಿರಿಸುವ’ ಮಾತನ್ನು ವಿವರಿಸುತ್ತಿದ್ದೆ. ಕೊನೆಯ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಸರ್, ಟರ್ಮಿನೇಟರ್ ಮೊದಲನೆಯ ಚಿತ್ರದಲ್ಲಿ ಜೀವಂತ ಮಾಂಸ ಮಾತ್ರ ಕಾಲವನ್ನು ದಾಟಬಲ್ಲದು ಅಂತಾರೆ. ಎರಡನೆಯದರಲ್ಲಿ ಬರುವವನು ಪೂರ್ತಿ ಲೋಹ. ಅವನು ಹೇಗೆ ದಾಟಿದ? ಇಲ್ಲಿ ನಾವು ಬದಿಗಿಡಬೇಕಾದ್ದು ಅಪನಂಬಿಕೆಯನ್ನೋ, ಬುದ್ಧಿಯನ್ನೋ?” ತರಗತಿ ನಕ್ಕಿತು, ಗಂಟೆ ಹೊಡೆಯಿತು. ಅಂದು ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ನ್ಯಾಯವಾದುದು. 1984ರ ಚಿತ್ರದಲ್ಲಿ ಭವಿಷ್ಯದಿಂದ ಬಂದವರು ಬೆತ್ತಲೆಯಾಗಿ, ನಿರಾಯುಧರಾಗಿ ಬಂದಿಳಿಯುವುದಕ್ಕೆ ಆ ನಿಯಮವೇ ಕಾರಣ. ಯಂತ್ರಮಾನವ ದಾಟಿದ್ದು ಅವನ ಲೋಹದ ಅಸ್ಥಿಪಂಜರದ ಮೇಲೆ ಜೀವಂತ ಮಾಂಸದ ಹೊದಿಕೆ ಇದ್ದುದರಿಂದ. 1991ರಲ್ಲಿ ಅದೇ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ದ್ರವಲೋಹದ ಖಳನನ್ನು ತಂದಾಗ ಆ ನಿಯಮವನ್ನು ಯಾರೂ ನೆನೆಯಲಿಲ್ಲ. ಭವಿಷ್ಯದಿಂದ ಯಂತ್ರ ಬರುವುದು ಅಸಾಧ್ಯ. ಅದು ತೂತಲ್ಲ, ಕರಾರು. ತಾನೇ ಬರೆದುಕೊಟ್ಟ ಕರಾರನ್ನು ಕಥೆ ಮುರಿದಾಗ ಬೀಳುವುದು ತೂತು. ಅಸಾಧ್ಯಕ್ಕೂ ಅಸಂಗತಕ್ಕೂ ಇರುವ ಈ ಅಂತರವನ್ನು ಮರೆತರೆ, ಕುಮಾರವ್ಯಾಸನಿಂದ ಇಂದಿನ ಸಿನಿಮಾದವರೆಗೆ ಎಲ್ಲದಕ್ಕೂ ‘ಲಾಜಿಕ್ ಇಲ್ಲ’ ಎಂಬ ಒಂದೇ ಷರಾ ಬರೆಯಬೇಕಾಗುತ್ತದೆ. ಉತ್ತರಪತ್ರಿಕೆಗಳಲ್ಲಿ ಆ ಷರಾವನ್ನು ನಾನು ಕಂಡಿದ್ದೇನೆ.

ಕೋಲ್‌ರಿಜ್ ಆ ಮಾತನ್ನಾಡಿದ್ದು 1817ರಲ್ಲಿ. ಅದಕ್ಕೂ ಸುಮಾರು ಎಂಟು ನೂರು ವರ್ಷ ಮೊದಲೇ ಅಭಿನವಗುಪ್ತ ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಪರೀಕ್ಷೆಗಾಗಿ ಆ ಏಳನ್ನೂ ಬಾಯಿಪಾಠ ಮಾಡುವ ನಾವು ಮೊದಲನೆಯದರ ಮುಂದೆ ನಿಲ್ಲುವುದೇ ಇಲ್ಲ. ಅದು ‘ಸಂಭಾವನಾವಿರಹ’, ಅಂದರೆ ಹೀಗೂ ನಡೆದೀತು ಎಂದು ಮನಸ್ಸಿಗೆ ಒಪ್ಪಿಗೆಯಾಗದಿರುವುದು. ಅದರ ಪರಿಹಾರವನ್ನೂ ಅವನು ಹೇಳುತ್ತಾನೆ. ಲೋಕಸಾಮಾನ್ಯವಾದ ವಸ್ತುವಾದರೆ ಹೃದಯಸಂವಾದ ತಾನಾಗಿ ಆಗುತ್ತದೆ. ಕಡಲು ದಾಟುವಂಥ ಅಲೌಕಿಕ ಕೃತ್ಯವಾದರೆ ಅದನ್ನು ರಾಮನಂಥ ಪ್ರಖ್ಯಾತನ ಹೆಸರಿನಲ್ಲಿ ನಡೆಸಬೇಕು. ತಲೆತಲಾಂತರದ ಪ್ರಸಿದ್ಧಿ ನಂಬಿಕೆಯನ್ನು ಮೊದಲೇ ಬೇರೂರಿಸಿರುತ್ತದೆ. ಕೋಲ್‌ರಿಜ್ ಓದುಗನಿಂದ ಸಾಲ ಕೇಳಿದರೆ, ಅಭಿನವಗುಪ್ತ ಸಾಲಕ್ಕೆ ಜಾಮೀನು ಯಾರು ಎಂದು ಕೇಳುತ್ತಾನೆ. ನನಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಉಪಯುಕ್ತವೆನಿಸಿದೆ.

ಈ ಜಾಮೀನಿನ ಮಹಿಮೆಯನ್ನು ನಾನು ಮೊದಲು ಕಂಡದ್ದು ಗಡಿಭಾಗದ ಒಂದು ಟೆಂಟಿನಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ಮರಾಠಿಯಲ್ಲಿ ಓದಿ ಆಗಷ್ಟೇ ಕನ್ನಡ ಶಾಲೆಗೆ ಬಂದಿದ್ದೆ. ದೊರೈ-ಭಗವಾನ್ ನಿರ್ದೇಶನದ, 1968ರ ‘ಜೇಡರ ಬಲೆ’ ಮರುಪ್ರದರ್ಶನಕ್ಕೆ ಬಂದಿತ್ತು. ಯಾವ ಲೋಹವನ್ನಾದರೂ ಚಿನ್ನವಾಗಿಸುವ ಸೂತ್ರ, ಅದರ ಹಿಂದೆ ಬಿದ್ದ ಖಳರು, ಅವರ ಹಿಂದೆ ಸಿ.ಐ.ಡಿ. 999. ಲೋಹವೆಲ್ಲ ಚಿನ್ನವಾದರೆ ಚಿನ್ನಕ್ಕೆ ಬೆಲೆಯೆಲ್ಲಿ ಎಂಬ ಪ್ರಶ್ನೆ ನನಗೆ ಹೊಳೆಯಲು ಹತ್ತು ವರ್ಷ ಬೇಕಾಯಿತು. ತೆರೆಯ ಮೇಲೆ ರಾಜಕುಮಾರ್ ಇದ್ದರು. ಹಿಂದಿನ ವಾರ ಅದೇ ಟೆಂಟಿನಲ್ಲಿ ಅವರು ಪುರಾಣಪುರುಷರಾಗಿದ್ದರು. ಪ್ರಖ್ಯಾತನಾಮಧೇಯಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಅದೇ ಜೋಡಿ ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ತೆಗೆಯಿತು. ಗೋವಾ ವಿಮೋಚನೆಯಾಗಿ ಆಗ ಏಳೇ ವರ್ಷ. ಘಟ್ಟದ ಮೇಲಿನ ಬಹುಪಾಲು ಪ್ರೇಕ್ಷಕರು ನೋಡಿರದ ಊರು. ಅಲ್ಲಿ ಏನು ನಡೆಯಿತೆಂದರೂ ನಂಬಬಹುದಿತ್ತು. ಕಾಣದ ಊರೂ ಒಂದು ಜಾಮೀನೇ. ಇಲ್ಲಿಯೇ ಬಾಳುವ ನಮಗೆ ಆ ಸುಖವಿಲ್ಲ. ಮಾಂಡವಿ ಸೇತುವೆ ಏರಿದ ಕಾರು ಮರುಕ್ಷಣ ಪಾಲೋಲೆಂ ತೀರದಲ್ಲಿ ಇಳಿದರೆ, ವಾಸ್ಕೊದಿಂದ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುವ ನೀವು ನಕ್ಕೇ ನಗುತ್ತೀರಿ.

ವೈಜ್ಞಾನಿಕ ಕಥೆಯ ಕಷ್ಟ ಇಲ್ಲಿದೆ. ಅದಕ್ಕೆ ರಾಮನಿಲ್ಲ, ಪ್ರಸಿದ್ಧ ಇತಿವೃತ್ತವಿಲ್ಲ. ತನ್ನ ಜಾಮೀನನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಅದಕ್ಕಿರುವ ದಾರಿ ಒಂದೇ: ಆರಂಭದಲ್ಲಿ ಒಂದು ಸುಳ್ಳಿಗೆ ಒಪ್ಪಿಗೆ ಪಡೆದು, ಮುಂದೆಲ್ಲ ಪ್ರಾಮಾಣಿಕವಾಗಿರುವುದು. ಖಗೋಳವಿಜ್ಞಾನಿ ಜಯಂತ ನಾರಳೀಕರರ ಮರಾಠಿ ಕಥೆ ‘ಉಜವ್ಯಾ ಸೋಂಡೇಚಾ ಗಣಪತಿ’ ಇದಕ್ಕೆ ನಾನು ಬಲ್ಲ ಒಳ್ಳೆಯ ಮಾದರಿ. ಮಡಿಚಿದ ಅವಕಾಶದೊಳಗೆ ಹೊಕ್ಕು ಬಂದುದು ಕನ್ನಡಿಯ ಬಿಂಬದಂತೆ ಎಡಬಲ ಬದಲಾಗುತ್ತದೆ ಎಂಬುದಷ್ಟೇ ಅಲ್ಲಿಯ ಸುಳ್ಳು. ಅದನ್ನು ಒಪ್ಪಿದ ಮೇಲೆ ಗಣಪತಿಯ ಸೊಂಡಿಲು ಬಲಕ್ಕೆ ತಿರುಗುತ್ತದೆ, ಕ್ರಿಕೆಟ್ ಬೌಲರನೊಬ್ಬ ರೂಢಿಯ ಕೈ ಬಿಟ್ಟು ಮತ್ತೊಂದು ಕೈಯಿಂದ ಚೆಂಡೆಸೆಯುತ್ತಾನೆ. ಲೆಕ್ಕ ಎಲ್ಲಿಯೂ ತಪ್ಪುವುದಿಲ್ಲ.

ಹೊಡೆದಾಟದ ಚಿತ್ರಗಳಿಗೆ ಈ ಶಿಸ್ತು ಸಾಧ್ಯವಿಲ್ಲ ಎನ್ನಬೇಡಿ. ಶಂಕರ್ ಅವರ ‘ಎಂದಿರನ್’ (2010) ನೆನೆಯಿರಿ. ಬೆಂಕಿ ಹೊತ್ತಿದ ಕಟ್ಟಡದಿಂದ ಚಿಟ್ಟಿ ಸ್ನಾನದಲ್ಲಿದ್ದ ಹುಡುಗಿಯನ್ನು ಹಾಗೆಯೇ ಎತ್ತಿ ತರುತ್ತಾನೆ. ನಾಚಿಕೆಯೆಂದರೇನೆಂದು ಯಂತ್ರಕ್ಕೆ ತಿಳಿಯದು. ಅವಳು ಆ ಅವಮಾನದಲ್ಲಿ ಓಡಿ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಕಥೆ ತನ್ನ ನಿಯಮಕ್ಕೆ ತೆತ್ತ ಬೆಲೆ ಅದು. ಕೊನೆಯ ಭಾಗದಲ್ಲಿ ನೂರಾರು ಚಿಟ್ಟಿಗಳು ಕೂಡಿ ಉಂಡೆಯಾಗುವುದನ್ನು ನಿಮ್ಮಲ್ಲಿ ಹಲವರು ತೂತೆಂದು ಬರೆದಿದ್ದೀರಿ. ನನಗದು ಅತಿಶಯೋಕ್ತಿ; ಸ್ವಲ್ಪ ದೀರ್ಘವಾದ ಅತಿಶಯೋಕ್ತಿ.

ನನ್ನ ತಕರಾರು ಬೇರೆಡೆ ಇದೆ. ‘ಮನರಂಜನೆಗೆ ತರ್ಕವೇಕೆ’ ಎಂಬ ಮಾತು ಪ್ರೇಕ್ಷಕನ ಮೇಲಿನ ಔದಾರ್ಯದಂತೆ ಕೇಳಿಸುತ್ತದೆ, ಅದರೊಳಗಿರುವುದು ತಾತ್ಸಾರ. ಹೊರನಾಡಿನ ನಾವು ಅದಕ್ಕೆ ಇನ್ನೊಂದು ರಿಯಾಯಿತಿಯನ್ನು ಸೇರಿಸುತ್ತೇವೆ. ಕನ್ನಡ ಚಿತ್ರವೊಂದು ಇಲ್ಲಿಯ ತೆರೆಗೆ ಬಂತೆಂದರೆ ಭಾಷಾಭಿಮಾನದಿಂದ ಹೋಗಿ, ಭಾಷಾಭಿಮಾನದಿಂದಲೇ ಅದರ ತೂತುಗಳನ್ನು ಮುಚ್ಚುತ್ತೇವೆ. ಪರಭಾಷೆಯ ಗೆಳೆಯರ ಮುಂದೆ ನಮ್ಮದನ್ನು ಬಿಟ್ಟುಕೊಡಬಾರದೆಂಬ ಹಟ ಬೇರೆ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಆದರೆ 2024ರಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ ‘ಬ್ಲಿಂಕ್’ ನೋಡಿದ ಬಳಿಕ ನಿಮ್ಮ ಸಹಪಾಠಿಯೊಬ್ಬಳು ಅದರ ಕಾಲಯಾನವನ್ನು ನೋಟುಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ಪರೀಕ್ಷಿಸಿದಳು. ಬಾಣದ ಗುರುತು, ಪ್ರಶ್ನಾರ್ಥಕ ಚಿಹ್ನೆ, ಅಳಿಸಿ ಮತ್ತೆ ಬರೆದ ಇಸವಿಗಳು. ಕನ್ನಡ ಚಿತ್ರವೊಂದಕ್ಕೆ ನಮ್ಮ ವಿಭಾಗದಲ್ಲಿ ಸಂದ ಅತಿ ದೊಡ್ಡ ಗೌರವ ಅದು. ಚಪ್ಪಾಳೆ ತಟ್ಟಿದವರು ಅಷ್ಟು ಶ್ರಮ ಪಡಲಿಲ್ಲ.

ಈ ಪರೀಕ್ಷೆಯಿಂದ ಆದಿಕವಿಗೂ ವಿನಾಯಿತಿ ಬೇಡ. ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಲು ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ. ಅದು ಅವನು ಮಾಡಿಕೊಂಡ ಕರಾರು. ಆದರೆ ಅವಳ ಬಿಚ್ಚಿದ ಮುಡಿಯನ್ನು ಯುದ್ಧಭೂಮಿಯಲ್ಲಿ ಕಟ್ಟುವವನು ಭೀಮ. ಕೊನೆಗೆ ಅರ್ಜುನನ ಪಟ್ಟಾಭಿಷೇಕದಲ್ಲಿ ಪಕ್ಕದಲ್ಲಿ ಕೂರುವವಳು ಸುಭದ್ರೆ. ಮಹಾಭಾರತದ ಪ್ರಸಿದ್ಧಿ ಎಷ್ಟು ಗಟ್ಟಿಯೆಂದರೆ, ನಾವು ಐವರ ದ್ರೌಪದಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಆ ಸಂದರ್ಭಗಳನ್ನು ಓದಿ ಮುಗಿಸುತ್ತೇವೆ. ರನ್ನ ಭೀಮನನ್ನೇ ನಾಯಕನನ್ನಾಗಿಸಿ ದ್ರೌಪದಿಯನ್ನು ಅವನ ಪಟ್ಟದರಸಿಯಾಗಿ ಕೂರಿಸಿದಾಗ ಆ ಹರಿದ ಜಾಗ ಕಣ್ಣಿಗೆ ಬಿದ್ದಿತ್ತೇ? ನನ್ನ ಅನುಮಾನ, ಬಿದ್ದಿತ್ತು ಎಂದೇ. ಮುಂದಿನ ವಾರ ‘ವಿಕ್ರಮಾರ್ಜುನ ವಿಜಯ’ ಮತ್ತು ‘ಗದಾಯುದ್ಧ’ದ ಮುಡಿ ಕಟ್ಟುವ ಎರಡೂ ಭಾಗಗಳನ್ನು ಓದಿಕೊಂಡು ಬನ್ನಿ. ಟರ್ಮಿನೇಟರ್ ಪ್ರಶ್ನೆ ಕೇಳಿದವನು ಮುಂದಿನ ಬೆಂಚಿನಲ್ಲಿ ಕೂರಲಿ.