ಊರಿಲ್ಲದ ಸ್ಟೇಷನ್

ಕೊಡಗಿನ ಬಾಳೆಲೆಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರು ಸೇರಿದ ಮೇಲೆಯೇ ಟಿಕೆಟ್ಟಿನ ಮಾತು. ಕೊಡಗಿನಲ್ಲಿ ಒಂದು ಮಾರು ಹಳಿಯೂ ಇಲ್ಲ. ಹೀಗಾಗಿ ಹತ್ತಿಳಿಯುವವರಿಲ್ಲದ ಸ್ಟೇಷನ್ನಿನ ಕತೆ ಹೇಳಬೇಕೆಂದರೆ ಪಕ್ಕದ ಘಟ್ಟಕ್ಕೇ ಹೋಗಬೇಕು. ಅಲ್ಲಿ ಎಡಕುಮೇರಿ ಇದೆ.

ಕುಮೇರಿ ಎಂದರೆ ಕಾಡು ಕಡಿದು, ಸುಟ್ಟು, ಬಿತ್ತಿ, ಮತ್ತೆ ಬಿಟ್ಟುಹೋಗುವ ಬೇಸಾಯ. ಹೆಸರೇ ಹಣೆಬರಹವಾಯಿತೋ ಏನೋ. ಎಡಕುಮೇರಿ ಇರುವ ರೈಲುದಾರಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿ.ಮೀ., ಅದರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪಣಂಬೂರಿನ ಬಂದರಿಗೆ ಒಳನಾಡಿನ ಸರಕು ಇಳಿಯಲೆಂದು ಹಾಸಿದ ಹಾಸನ–ಮಂಗಳೂರು ಮೀಟರ್‌ಗೇಜ್ 1979ರಲ್ಲಿ ಮುಗಿಯಿತು. ಒಂಟಿ ಹಳಿಯಾದ್ದರಿಂದ ಎದುರು ಬರುವ ಗಾಡಿಗೆ ದಾರಿ ಬಿಡಲು ನಡುಕಾಡಿನಲ್ಲೊಂದು ಜಾಗ ಬೇಕಿತ್ತು. ಎಡಕುಮೇರಿ ಸ್ಟೇಷನ್ ಹುಟ್ಟಿದ್ದು ಗಾಡಿಗಳ ಅನುಕೂಲಕ್ಕೆ, ಜನರ ಅನುಕೂಲಕ್ಕಲ್ಲ.

1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಮಾರ್ಗ ಮುಚ್ಚಿದರು. ಹತ್ತು ವರ್ಷ ಗಾಡಿಯಿಲ್ಲ. ಆಗ ಬಂದವರು ಬೆಂಗಳೂರಿನ ಚಾರಣಿಗರು. ದೋಣಿಗಾಲಿನಿಂದ ಹಳಿಯ ಮೇಲೆ ನಡೆದು, ಟಾರ್ಚು ಹಿಡಿದು ಬಾವಲಿಗಳ ಸುರಂಗ ದಾಟಿ, ರಾತ್ರಿ ಪ್ಲಾಟ್‌ಫಾರಮ್ಮಿನಲ್ಲಿ ಚಾಪೆ ಬಿಚ್ಚುತ್ತಿದ್ದರು. ಈ ದಾರಿಗೆ ‘ಗ್ರೀನ್ ರೂಟ್’ ಎಂಬ ಹೆಸರನ್ನೂ ಇಟ್ಟರು. ಪ್ರಯಾಣಿಕರಿಗಾಗಿ ಕಟ್ಟದ ಸ್ಟೇಷನ್ನಿಗೆ ಜನ ಬಂದದ್ದು ಗಾಡಿ ನಿಂತುಹೋದ ಮೇಲೆ! 2006ರ ಮೇ ತಿಂಗಳಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ಯಾಸೆಂಜರ್ ಮತ್ತೆ ಓಡತೊಡಗಿದವು. ಹಳಿಯ ಮೇಲಿನ ನಡಿಗೆಗೆ ರೈಲ್ವೆಯವರು ನಿಷೇಧ ಹಾಕಿದರು. 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಬಂದಿದೆ. ಅದರಲ್ಲಿ ಕೂತವರಿಗೆ ಎಡಕುಮೇರಿ ಎಂದರೆ ಕಿಟಕಿಯಾಚೆ ಸರಿದುಹೋಗುವ ಹಳದಿ ಹಲಗೆ, ಅಷ್ಟೆ.

ಊರಿಗೆ ಸ್ಟೇಷನ್ ಬಂದರೆ ಪೇಟೆ ಬೆಳೆಯುತ್ತದೆ ಎಂಬ ಮಾತು ನಮ್ಮ ಕಡೆಯೂ ಇದೆ. ಎಡಕುಮೇರಿಯಲ್ಲಿ ಒಂದು ಚಹಾದಂಗಡಿಯಷ್ಟೂ ಪೇಟೆ ಬೆಳೆಯಲಿಲ್ಲ. ಬೆಳೆದದ್ದು ಬರೆ ಜರಿಯುವ ಭಯ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದ ವಾರವೇ ಎಡಕುಮೇರಿ ಘಾಟಿಯ ಹಳಿಯ ಮೇಲೂ ಮಣ್ಣು ಬಂತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಕುಸಿತ. ಸರಿಯಾದ ರಸ್ತೆಯಿಲ್ಲದ ಜಾಗ. ದುರಸ್ತಿಯ ಕಲ್ಲು, ಮರಳಿನ ಚೀಲವೂ ಹಳಿಯ ಮೇಲೆಯೇ ಬರಬೇಕಾಯಿತು.

ಇದನ್ನೆಲ್ಲ ಬಾಳೆಲೆಯಲ್ಲಿ ಕೂತು ನೆನೆಯಲು ಕಾರಣವಿದೆ. ಕೊಡಗನ್ನು ಹಾದುಹೋಗುವ ತಲಶ್ಶೇರಿ–ಮೈಸೂರು ರೈಲಿನ ಪ್ರಸ್ತಾಪ ಬ್ರಿಟಿಷರ ಕಾಲದ್ದು. ಸತ್ತಿತೆಂದುಕೊಂಡಾಗಲೆಲ್ಲ ಎದ್ದು ಕೂರುತ್ತದೆ. ಅದನ್ನು ವಿರೋಧಿಸಿ ಕೊಡಗಿನವರು 2018ರ ಫೆಬ್ರುವರಿಯಲ್ಲಿ ಮೈಸೂರಿನ ರಸ್ತೆಗಿಳಿದಿದ್ದರು. ಅಭಿವೃದ್ಧಿಯ ವಿರೋಧಿಗಳೆಂದು ಅವರನ್ನು ಮೂದಲಿಸಿದವರೂ ಇದ್ದರು. ಆರು ತಿಂಗಳಿಗೆ ಗುಡ್ಡಗಳೇ ಉತ್ತರ ಕೊಟ್ಟವು. ಅದಕ್ಕೂ ಮುಂಚೆ ಮೈಸೂರು–ಕೋಯಿಕ್ಕೋಡ್ ಹೈಟೆನ್ಷನ್ ಲೈನಿಗಾಗಿ ದಕ್ಷಿಣ ಕೊಡಗಿನ ತೋಟಗಳಲ್ಲಿ ಸಾವಿರಾರು ಮರ ಉರುಳಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ತಂತಿ ತಲೆಯ ಮೇಲೆ ಹಾದುಹೋಯಿತು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ.

ರೈಲೇ ಬೇಡವೆಂದು ನಾವು ಹೇಳುತ್ತಿಲ್ಲ. ಮೈಸೂರಿನ ಪಕ್ಕದ ಬೆಳಗೊಳದಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಮಾರ್ಗದ ಯೋಜನೆ ವರ್ಷಗಳಿಂದ ಕಡತದಲ್ಲಿದೆ. ಅದು ಬಯಲಿನ ದಾರಿ, ಜನವಸತಿಯ ದಾರಿ, ಅದಾಗಲಿ. ಕಾಡು ಸೀಳಿ ಕರಾವಳಿಗೆ ಇಳಿಯುವ ಹಳಿಯ ಸರ್ವೆಯವರು ಮತ್ತೊಮ್ಮೆ ಬಂದರೆ, ಸ್ಟೇಷನ್ ಎಲ್ಲಿ ಎಂದು ಕೇಳುವ ಮೊದಲು ಆಟಿ ತಿಂಗಳ ಮಳೆಗೆ ಗುಡ್ಡ ಜರಿಯದಂತೆ ಹಿಡಿಯುವವರು ಯಾರು ಎಂದು ಕೇಳಿ.