ಹತ್ತಿರವಿದ್ದೂ ಕೂಡದ ಸೇನೆ

ಮಕ್ಕಳೇ, ನಮ್ಮ ಹನಕೆರೆ ಕಡೆಯಿಂದ ಮೈಸೂರಿಗೆ ಹೋಗುವಾಗ ದಾರಿಯಲ್ಲೇ ಶ್ರೀರಂಗಪಟ್ಟಣ. ಅಲ್ಲಿ ದರಿಯಾ ದೌಲತ್ ನೋಡಿದರೆ ಪಶ್ಚಿಮದ ಗೋಡೆಯನ್ನು ಬಿಟ್ಟು ಬರಬೇಡಿ. ಗೋಡೆ ತುಂಬ ಆನೆ, ಕುದುರೆ, ಫಿರಂಗಿ. ನಡುವೆ ಚೌಕ ಕಟ್ಟಿ ನಿಂತ ಸಿಪಾಯಿಗಳು. ಪಲ್ಲಕ್ಕಿಯಲ್ಲಿರುವವನು ಇಂಗ್ಲಿಷ್ ಕಂಪನಿಯ ಕರ್ನಲ್ ಬೇಯ್ಲಿ. ಇದು ಪೊಳ್ಳಿಲೂರು ಯುದ್ಧ, 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದದ್ದು.

ಹೈದರಾಲಿ ಆ ವರ್ಷ ತಮಿಳು ಸೀಮೆಗೆ ಇಳಿಸಿದ ಸೇನೆ 80,000ಕ್ಕೂ ಹೆಚ್ಚು ಎನ್ನುತ್ತಾರೆ. ಗುಂಟೂರಿನಿಂದ ಬಂದ ಬೇಯ್ಲಿಯ ಬಳಿ ಇದ್ದವರು ಸುಮಾರು 2,800. ‘ಹಾಗಾದರೆ ಸೋಲದೆ ಇನ್ನೇನು ತಾತ?’ ಎನ್ನುತ್ತೀರಿ. ಸ್ವಲ್ಪ ತಾಳಿ.

ಕಾಂಚೀಪುರದಲ್ಲಿ ಕಂಪನಿಯದೇ ಇನ್ನೊಂದು ಸೇನೆ ಇತ್ತು. ಜನರಲ್ ಮನ್ರೋ ಕೈಕೆಳಗೆ ಸುಮಾರು 5,000 ಜನ. ನಡುವಿನ ದೂರ ಹೆಚ್ಚೇನೂ ಇರಲಿಲ್ಲ! ಸೆಪ್ಟೆಂಬರ್ 6ರಂದು ಟಿಪ್ಪು ಮೇಲೆ ಬಿದ್ದಾಗ ಬೇಯ್ಲಿ ಹೇಗೋ ತಡೆದು ನಿಂತು, ಸಹಾಯ ಬೇಡಿ ಓಲೆ ಕಳಿಸಿದ. ಮನ್ರೋಗೆ ದವಸ, ದೊಡ್ಡ ಫಿರಂಗಿಗಳನ್ನು ಬಿಟ್ಟು ಹೊರಡುವ ಮನಸ್ಸಾಗಲಿಲ್ಲ. ಸುಮಾರು 1,000 ಜನರನ್ನು ಮಾತ್ರ ಕಳಿಸಿದ. 9ರ ರಾತ್ರಿ ಬೇಯ್ಲಿ ದಾರಿಯಲ್ಲೇ ತಂಗಿದ. ಅದೇ ರಾತ್ರಿ ಹೈದರ್ ತನ್ನ ದಂಡನ್ನು ಸದ್ದಿಲ್ಲದೆ ಮಗನ ಕಡೆ ನಡೆಸಿದ. ಬೆಳಗಾಗುವಷ್ಟರಲ್ಲಿ ತಂದೆ-ಮಗನ ಸೇನೆ ಒಂದಾಗಿತ್ತು.

ಮೈಸೂರಿನ ಅಗ್ನಿಬಾಣಗಳು ಹಾರಿದವು, ಫಿರಂಗಿಗಳು ಗುಡುಗಿದವು. ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದುಹೋದವು. ಗಾಯಗೊಂಡ ಅವನು ಸೆರೆಸಿಕ್ಕಿ, 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಮನ್ರೋ ಏನು ಮಾಡಿದ ಗೊತ್ತೆ? ಬಿಟ್ಟು ಹೊರಡಲಾರೆ ಎಂದಿದ್ದ ಫಿರಂಗಿಗಳನ್ನು ಕಾಂಚೀಪುರದ ಕೊಳಕ್ಕೆ ನೂಕಿ ಮದ್ರಾಸಿಗೆ ಹಿಮ್ಮೆಟ್ಟಿದ.

ಬ್ಯಾಂಕಿನಲ್ಲಿ ಎರಡು ಖಾತೆಯ ಹಣ ಕೂಡಿದರೆ ಮೊತ್ತ ಬಂದೇ ಬರುತ್ತದೆ. ಯುದ್ಧದಲ್ಲಿ ಹಾಗಲ್ಲ, ಹೊತ್ತಿಗೆ ಬಂದು ಸೇರಿದವರಷ್ಟೇ ಲೆಕ್ಕಕ್ಕೆ. ಈ ಲೆಕ್ಕ ಮುಂದೆ ಟಿಪ್ಪುವಿಗೂ ತಿರುಗಿತು. 1799ರಲ್ಲಿ ಕಂಪನಿಯೂ ಹೈದರಾಬಾದಿನ ನಿಜಾಮನೂ ಕೂಡಿ ಬಂದಾಗ ಟಿಪ್ಪು ಒಂಟಿಯಾಗಿದ್ದ. ಮೇ 4ರಂದು ಕೋಟೆ ಬಿತ್ತು, ಅವನೂ ಮಡಿದ.

ಇನ್ನೊಂದು ಮಾತು. ಬೇಯ್ಲಿಯ ಸೇನೆಯಲ್ಲಿ ಹೆಚ್ಚಿನವರು ಬಿಳಿಯರಲ್ಲ, ಕಂಪನಿಯ ಸಂಬಳಕ್ಕೆ ಸೇರಿದ್ದ ನಮ್ಮ ದೇಶದವರೇ. ಆ ಗೋಡೆಯ ಮುಂದೆ ನಿಂತಾಗ ಗೆದ್ದವರ ಆನೆ-ಕುದುರೆ ನೋಡಿ ಖುಷಿಪಡಿ. ಆಮೇಲೆ ಆ ಚೌಕದೊಳಗೆ ಸಿಕ್ಕಿಕೊಂಡವರನ್ನೂ ಒಂದು ಗಳಿಗೆ ನಿಂತು ನೋಡಿ.